ಸುಲೋಚನಾ ಆಂಟಿಯ ಎಡಗೈ

ಸುಲೋಚನಾ ಆಂಟಿ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಮುಟ್ಟುತ್ತಿದ್ದರು. ಬಂದವಳನ್ನು ಕುರ್ಚಿಗೆ ಒರಗಿಸಿ, ತಮ್ಮ ಕಣ್ಣು ತಾವು ಮುಚ್ಚಿಕೊಂಡು, ಎಡಗೈ ಬೆರಳುಗಳ ಹಿಂಬದಿಯನ್ನು ಅವಳ ಕಿವಿಯ ಬುಡದಿಂದ ಬಾಯಿಯ ಅಂಚಿನವರೆಗೆ ಒಂದು ಸಲ ನಿಧಾನವಾಗಿ ಎಳೆಯುತ್ತಿದ್ದರು. ಬಲಗೈಯಲ್ಲಿ ಯಾವಾಗಲೂ ಏನಾದರೂ ಇರುತ್ತಿತ್ತು, ದಾರವೋ ಬ್ರಷ್ಷೋ ಕಾಫಿ ಲೋಟವೋ. ಆಮೇಲೆ ತೀರ್ಪು ಬರುತ್ತಿತ್ತು. "ಚಿರೋಟಿ ರವೆ, ಪರವಾಗಿಲ್ಲ." ಇಲ್ಲವೇ, "ಉಪ್ಪಿಟ್ಟಿನ ರವೆ ಆಗೋಗಿದೆಯಲ್ಲೇ, ಬಿಸಿಲಲ್ಲಿ ಸುತ್ತಿದ್ಯಾ?" ನನ್ನದು ದಪ್ಪ ತರಿಯ ಬನ್ಸಿ ರವೆ. ನಮ್ಮ ಕ್ರಾಸಿನ ಹೆಂಗಸರೆಲ್ಲ ಅವರ ತಲೆಯೊಳಗೆ ದಿನಸಿ ಅಂಗಡಿಯ ಡಬ್ಬಗಳಲ್ಲಿ ತುಂಬಿಕೊಂಡಿದ್ದರೋ ಏನೋ. "ಮೈದಾಹಿಟ್ಟು" ಎಂದು ಅವರು ಮೆಚ್ಚಿ ಹೇಳಿದ್ದನ್ನು ನಾನು ಒಂದೇ ಸಲ ಕೇಳಿದ್ದೇನೆ. ಅದೂ ಯಾರದೋ ಮಡಿಲಲ್ಲಿದ್ದ ಹಸುಗೂಸಿಗೆ.

ಅವರ ಬ್ಯೂಟಿ ಪಾರ್ಲರ್ ಎಂದರೆ ಮನೆಯ ಮುಂದಿನ ಕೋಣೆ. ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಗೂ ಮಾರ್ಗೋಸಾ ರಸ್ತೆಗೂ ನಡುವಿನ ಒಂದು ಕ್ರಾಸಿನಲ್ಲಿ, ನಮ್ಮ ಮನೆಗೆ ನಾಲ್ಕು ಮನೆ ಆಚೆ. ತೊಂಬತ್ತರ ದಶಕದ ಶುರುವಿನಲ್ಲಿ ಬಾಗಿಲ ಮೇಲೆ "ಲೇಡೀಸ್ ಓನ್ಲಿ" ಎಂಬ ಹಲಗೆ ಬಂತು. ಪಾರ್ಲರಿಗೆ ಹೆಸರಿರಲಿಲ್ಲ. ಏನು ಹೆಸರಿಡಬೇಕೆಂದು ಗಂಡ ಹೆಂಡತಿ ಜಗಳವಾಡಿ, ಜಗಳ ಬಗೆಹರಿಯದೆ, ಹಲಗೆಯ ಅರ್ಧ ಭಾಗ ಖಾಲಿಯೇ ಉಳಿದಿತ್ತು. ಗಂಡ ರಾಮಚಂದ್ರ ಅಂಕಲ್‌ಗೆ ಟೆಲಿಫೋನ್ ಆಫೀಸಿನಲ್ಲಿ ಕೆಲಸ. ಸಂಜೆ ಅವರು ಮುಂಬಾಗಿಲಿನಿಂದ ಬರುವಂತಿರಲಿಲ್ಲ. ಪಕ್ಕದ ಓಣಿಯಲ್ಲಿ, ಪೈಪುಗಳ ನಡುವೆ ಮೈ ಕುಗ್ಗಿಸಿಕೊಂಡು, ಹಿಂಬಾಗಿಲಿಗೆ ಹೋಗಬೇಕಿತ್ತು. "ಬಾಡಿಗೆ ಕಟ್ಟೋನು ನಾನು, ಕಳ್ಳನ ಥರ ಬರೋನೂ ನಾನೇ" ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದರು. ಇಬ್ಬರಿಗೂ ಮಕ್ಕಳಿರಲಿಲ್ಲ. ಇಬ್ಬರಿಗೂ ಮಾತು ಜಾಸ್ತಿ.

ನನಗೆ ಆ ಕೋಣೆಯೆಂದರೆ ಈಗಲೂ ಮಧ್ಯಾಹ್ನವೇ. ಕಿಟಕಿಗೂ ಬಾಗಿಲಿಗೂ ಹಸಿರು ಕರ್ಟನ್. ಹೊರಗಿನ ಬಿಸಿಲು ಅದರೊಳಗಿಂದ ಬಂದು ಗೋಡೆ, ಕನ್ನಡಿ, ಆಂಟಿಯ ಬಿಳಿ ಏಪ್ರನ್, ಎಲ್ಲವೂ ಕೆರೆಯ ತಳದಲ್ಲಿರುವ ಹಾಗೆ ಕಾಣುತ್ತಿತ್ತು. ಸ್ಟೀಮರಿನಿಂದ ಏಳುವ ಆವಿ, ಪನ್ನೀರಿನ ವಾಸನೆ, ಕಿತ್ತಳೆ ಸಿಪ್ಪೆಯ ಪುಡಿಯ ಒಗರು ವಾಸನೆ, ಮೇಲೆ ನಿಧಾನವಾಗಿ ತಿರುಗುವ ಫ್ಯಾನಿನ ಕಿರುಗುಟ್ಟುವಿಕೆ. ಕಣ್ಣ ಮೇಲೆ ಒದ್ದೆ ಹತ್ತಿ ಇಟ್ಟರೆಂದರೆ ಮುಗಿಯಿತು, ನಾನು ಎಚ್ಚರದಲ್ಲೂ ಇರುತ್ತಿರಲಿಲ್ಲ, ನಿದ್ದೆಯಲ್ಲೂ ಇರುತ್ತಿರಲಿಲ್ಲ. ಸೊಪ್ಪಿನವಳ ಕೂಗು ಬೀದಿಯ ಒಂದು ತುದಿಯಿಂದ ಹೊರಟು ಇನ್ನೊಂದು ತುದಿ ಸೇರುವಷ್ಟರಲ್ಲಿ ಒಂದು ಇಡೀ ಕನಸು ಬಿದ್ದು ಮುಗಿದುಹೋಗಿರುತ್ತಿತ್ತು. ಆ ಕನಸುಗಳಲ್ಲೆಲ್ಲ ಆಂಟಿಯ ಮಾತು ಸೇರಿಕೊಂಡಿರುತ್ತಿತ್ತು. ಯಾರ ಮನೆಯಲ್ಲಿ ಯಾವ ಸೊಸೆ ಬೇರೆ ಹೋದಳು, ಯಾವ ಅಂಗಡಿಯ ಕಾಫಿಪುಡಿಯಲ್ಲಿ ಚಿಕೋರಿ ಹೆಚ್ಚಾಯಿತು ಎಂಬ ವರದಿ ಅದು. ಎದ್ದ ಮೇಲೆ ಯಾವುದು ನಾನು ಕಂಡ ಕನಸು, ಯಾವುದು ನಿಜವಾಗಿ ನಡೆದ ಜಗಳ ಎಂದು ಗೊತ್ತಾಗುತ್ತಿರಲಿಲ್ಲ.

ಪಿಯುಸಿಯಲ್ಲಿ ನನಗೆ ಮುಖದ ತುಂಬ ಮೊಡವೆ ಬಂದವು. ನಾನು ಅವುಗಳನ್ನು ಕಿವುಚಿದೆ. ಮೊಡವೆಗಳು ಹೋದವು, ಕೆನ್ನೆಯ ಮೇಲೆ ತರಿತರಿಯಾದ ಒಂದು ಒರಟುತನ ಉಳಿಯಿತು. ಇಪ್ಪತ್ತು ದಾಟಿದ ಮೇಲೂ ನಾನು ಫೋಟೋದಲ್ಲಿ ಒಂದೇ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಕಾಲೇಜಿನಲ್ಲಿ ಪಾಠ ಮಾಡಲು ಸೇರಿದಾಗ ಕಿಟಕಿಯ ಬೆಳಕು ಬೀಳದ ಮೂಲೆಯಲ್ಲಿ ನಿಂತು ಪಾಠ ಮಾಡುತ್ತಿದ್ದೆ. ನುಣುಪು ಕೆನ್ನೆ ಬೇಕೆಂದು ನನಗೆ ಆಸೆಯಿತ್ತು. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು. ಆಂಟಿಯ ಹತ್ತಿರ ಹೇಳಬೇಕಾಗಿರಲಿಲ್ಲ, ಮುಟ್ಟಿದರೆ ಅವರಿಗೆ ತಿಳಿಯುತ್ತಿತ್ತು.

ಮೊದಲಿಗೆ ಅವರ ಹತ್ತಿರ ಇದ್ದದ್ದು ಕೈ ಮಾತ್ರ. ಹೆಸರುಹಿಟ್ಟು, ಕಿತ್ತಳೆ ಸಿಪ್ಪೆಯ ಪುಡಿ, ಹಾಲಿನ ಕೆನೆ ಕಲಸಿ ಮುಖಕ್ಕೆ ಹಚ್ಚಿ, ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸುತ್ತು ಹಾಕಿ ಉಜ್ಜುತ್ತಿದ್ದರು. ಎರಡು ಸಾವಿರದ ಇಸವಿಯ ಆಚೀಚೆ ಪೀಲ್ ಬಂತು. ಕಂದು ಬಣ್ಣದ ಪುಟ್ಟ ಬಾಟಲಿಯಲ್ಲಿ, ಸತ್ತ ಚರ್ಮ ಸುಲಿಯುವ ಹಣ್ಣಿನ ಆಸಿಡ್. ಅದನ್ನು ಬ್ರಷ್ಷಿನಲ್ಲಿ ಹಚ್ಚಿ, ಗಡಿಯಾರ ನೋಡುತ್ತಾ ನಿಂತು, ಚುರುಚುರು ಎಂದ ಕೂಡಲೇ ತಣ್ಣೀರಿನಲ್ಲಿ ತೆಗೆಯಬೇಕು. ಕೋರ್ಸು ಮಾಡಲು ಆಂಟಿ ವಾರಗಟ್ಟಲೆ ಬಸ್ಸಿನಲ್ಲಿ ಓಡಾಡಿ ಬಂದು, ಮೊದಲು ತಮ್ಮ ಮುಖಕ್ಕೇ ಹಚ್ಚಿಕೊಂಡರು. ಹೆಚ್ಚು ಹೊತ್ತು ಬಿಟ್ಟಿದ್ದರಿಂದ ಕೆಂಪಗಾಗಿ, ಸಿಪ್ಪೆ ಎದ್ದು, ಮೂರ್ನಾಲ್ಕು ದಿನ ಪಾರ್ಲರ್ ಮುಚ್ಚಬೇಕಾಯಿತು. ರಾಮಚಂದ್ರ ಅಂಕಲ್ ಬೀದಿಯಲ್ಲಿ, "ನಮ್ಮನೇಲಿ ಆಲೂಗಡ್ಡೆ ಬೇಯಿಸಿಟ್ಟಿದೀವಿ, ನೋಡ್ಬೇಕಾದ್ರೆ ಬನ್ನಿ" ಎಂದರು. ಆಂಟಿ ಒಳಗಿನಿಂದಲೇ ಬೈದದ್ದು ನಮ್ಮ ಮನೆಗೆ ಕೇಳಿಸಿತು.

ಪೀಲಿನ ದೊಡ್ಡ ಅನಾಹುತ ನಡೆದದ್ದು ಗೌರಿ ಹಬ್ಬದಲ್ಲಿ. ನಮ್ಮ ಕ್ರಾಸಿನ ಕೊನೆಯ ಮನೆಯ ನಾಗವೇಣಿ, ಹಬ್ಬಕ್ಕೆ ಚೆನ್ನಾಗಿ ಕಾಣಬೇಕೆಂದು ಹಿಂದಿನ ದಿನ ಪೀಲ್ ಮಾಡಿಸಿಕೊಂಡಳು. ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಹೋದಳು. ಮನೆಯಾಕೆ ಪದ್ಧತಿಯಂತೆ ನೀರಿನಲ್ಲಿ ಕಲಸಿದ ಅರಿಶಿನವನ್ನು ಅವಳ ಎರಡು ಕೆನ್ನೆಗೂ ಬಳಿದರು. ನಾಗವೇಣಿ ಕಿರುಚಿದ ರಭಸಕ್ಕೆ ಗೌರಿಯ ಮುಂದಿದ್ದ ದೀಪ ಆರಿಹೋಯಿತೆಂದು ಹೇಳುವವರಿದ್ದಾರೆ. ಆಂಟಿ ರೇಷ್ಮೆ ಸೀರೆಯಲ್ಲಿ, ಬರಿಗಾಲಲ್ಲಿ, ತಣ್ಣನೆ ಹಾಲಿನ ಬಟ್ಟಲು ಹಿಡಿದುಕೊಂಡು ಓಡಿಬಂದರು. ಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ಅವಳ ಕೆನ್ನೆಗೆ ಇಡುತ್ತಾ, ತಾವೇ ಅಳುತ್ತಾ, "ನಂಗೆ ಹೊಳೀಲೇ ಇಲ್ವಲ್ಲೇ, ಪುಸ್ತಕದಲ್ಲಿ ಬಿಸಿಲಿಗೆ ಹೋಗ್ಬೇಡಿ ಅಂತಿದೆ, ಅರಿಶಿನ ಹಚ್ಕೋಬೇಡಿ ಅಂತ ಯಾರೂ ಬರ್ದಿಲ್ವಲ್ಲೇ" ಎಂದು ಹೇಳುತ್ತಿದ್ದರು. ಕಪ್ಪಾಗಿದ್ದ ಕೆನ್ನೆ ದೀಪಾವಳಿಯ ಹೊತ್ತಿಗೆ ತಿಳಿಯಾಯಿತು.

ಅಂದಿನಿಂದ ಕನ್ನಡಿಯ ಪಕ್ಕ ಪಂಚಾಂಗದ ಕ್ಯಾಲೆಂಡರ್ ಬಂತು. ಯಾರೇ ಪೀಲ್ ಎಂದರೂ ಆಂಟಿ ಮೊದಲು ಅದನ್ನು ನೋಡುತ್ತಿದ್ದರು. ಹೊಸಬರು ರಾಹುಕಾಲ ನೋಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಅವರು ನೋಡುತ್ತಿದ್ದದ್ದು ಮುಂದೆ ಯಾವ ಹಬ್ಬ, ಯಾರ ಮನೆಯಲ್ಲಿ ಯಾವ ಶಾಸ್ತ್ರ, ಯಾವ ಅಜ್ಜಿ ಎಣ್ಣೆ ಸೀಗೆಪುಡಿ ಹಿಡಿದು ಕಾದಿದ್ದಾಳೆ ಎಂಬುದನ್ನು. ಮದುಮಕ್ಕಳಿಗಂತೂ ಮೊದಲ ಪ್ರಶ್ನೆಯೇ, "ಅರಿಶಿನ ಯಾವತ್ತು?" ಮದುಮಕ್ಕಳೆಂದರೆ ಆಂಟಿಗೆ ಪ್ರಾಣ. ಅವರಿಗೆ ಕೊನೆಯಲ್ಲಿ ಕೈಯಿಂದಲೇ ಮುಖ ತೀಡಿ, ದೃಷ್ಟಿ ತೆಗೆದು, ಬಾಗಿಲವರೆಗೆ ಬಂದು ಕಳಿಸುತ್ತಿದ್ದರು. "ನನ್ನ ಕೈಯಿಂದ ಎದ್ದು ನೇರ ಮಂಟಪಕ್ಕೆ ಹೋಗ್ತಾರೆ ನೋಡು, ಅದೇ ನಂಗೆ ಹೆಮ್ಮೆ" ಎನ್ನುತ್ತಿದ್ದರು.

ಮಾರನೆ ವರ್ಷ ಮಳೆಗಾಲದಲ್ಲಿ ರಾಮಚಂದ್ರ ಅಂಕಲ್ ಹೋಗಿಬಿಟ್ಟರು. ಎಂದಿನಂತೆ ಹಿಂಬಾಗಿಲಿನಿಂದ ಬಂದು, ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತವರು ಹಾಗೇ ಗೋಡೆಗೆ ಒರಗಿಕೊಂಡಿದ್ದರು. ಗೋಡೆಯ ಈಚೆ ಆಂಟಿ ಯಾರಿಗೋ ಫೇಶಿಯಲ್ ಮಾಡುತ್ತಾ, "ಬಂದ್ರಾ? ಕಾಫಿ ಫ್ಲಾಸ್ಕಲ್ಲಿದೆ ನೋಡಿ" ಎಂದು ಎರಡು ಸಲ ಕೂಗಿದರಂತೆ. ಆ ತಿಂಗಳೆಲ್ಲ ನನ್ನ ಅಮ್ಮ ಅವರ ಮನೆಯಲ್ಲೇ ಮಲಗುತ್ತಿದ್ದಳು. ಅಮ್ಮನಿಗೂ ಆಂಟಿಗೂ ಹೆಪ್ಪಿನ ಮೊಸರು ಕೊಡುವ ತೆಗೆದುಕೊಳ್ಳುವ ಕಾಲದಿಂದ ಸ್ನೇಹ. ನಮ್ಮ ಮನೆಯ ಮೊಸರು ಕೆಟ್ಟರೆ ಅವರ ಮನೆಯಿಂದ ಹೆಪ್ಪು ಬರುತ್ತಿತ್ತು, ಅವರದು ಕೆಟ್ಟರೆ ನಮ್ಮಿಂದ ಹೋಗುತ್ತಿತ್ತು.

ಕೆಲವು ತಿಂಗಳ ನಂತರ ಪಾರ್ಲರ್ ತೆರೆಯಿತು. ಆಂಟಿ ಹಣೆಗೆ ಸಣ್ಣ ಸ್ಟಿಕ್ಕರ್ ಇಟ್ಟುಕೊಂಡೇ ಇದ್ದರು. ಮಾತು ಕಡಿಮೆಯಾಗಿತ್ತು, ನಿಧಾನವಾಗಿ ಅದೂ ಮರಳಿತು. ಐಬ್ರೋಗೆ ಜನ ಬಂದರು, ಕೂದಲಿಗೆ ಬಂದರು. ಮದುಮಗಳ ಮುಖಕ್ಕೆ ಮಾತ್ರ ಯಾರೂ ಬರಲಿಲ್ಲ. ಒಬ್ಬಳಿಗೆ ಸಮಯವಿಲ್ಲ, ಇನ್ನೊಬ್ಬಳ ಅತ್ತೆಯ ಮನೆಯವರೇ ಬೇರೆ ಯಾರನ್ನೋ ಗೊತ್ತು ಮಾಡಿದ್ದಾರೆ, ಮತ್ತೊಬ್ಬಳಿಗೆ ಚರ್ಮದ ಅಲರ್ಜಿ. ಗಂಡನನ್ನು ಕಳೆದುಕೊಂಡವಳ ಕೈ ಮದುಮಗಳ ಮುಖಕ್ಕೆ ತಾಗಬಾರದು ಎಂದು ಯಾರೂ ಹೇಳಲಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರೂ ಓದಿದವರು, ಅಂಥ ಮಾತನ್ನು ಬಾಯಿಬಿಟ್ಟು ಹೇಳುವವರಲ್ಲ. ನನಗೆ ಆಗ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಒಂದು ದಿನ ನಾನು ತಲೆಗೆ ಮೆಹೆಂದಿ ಹಾಕಿಸಿಕೊಂಡು ಕೂತಿದ್ದೆ. ಹಿಂದಿನ ಕ್ರಾಸಿನ ಒಬ್ಬಾಕೆ ಮಗಳ ಮದುವೆಯ ವಿಷಯ ಮಾತಾಡಲು ಬಂದು, ಬಾಗಿಲಲ್ಲೇ ನಿಂತು, ಸೆರಗಿನ ತುದಿ ತಿರುವುತ್ತಾ ಕೇಳಿದರು. "ಆ ಪೀಲ್ ಅಂತ ಮಾಡ್ತೀರಲ್ಲ, ಅದನ್ನ ಬ್ರಷ್ಷಲ್ಲೇ ಅಲ್ವಾ ಹಚ್ಚೋದು? ಕೈ ತಾಗಲ್ಲ, ಅಲ್ವಾ?"

ಆಂಟಿಗೆ ಎಲ್ಲ ಅರ್ಥವಾದದ್ದು ನನಗೆ ಕನ್ನಡಿಯಲ್ಲಿ ಕಂಡಿತು. "ತಾಗಲ್ಲ, ಬನ್ನಿ" ಎಂದರು. ಆಮೇಲೆ ಕ್ಯಾಲೆಂಡರಿನ ಕಡೆ ನೋಡಿ, "ಆದ್ರೆ ಅರಿಶಿನ ಹತ್ರ ಇದ್ರೆ ಪೀಲ್ ಆಗಲ್ಲಮ್ಮ, ಮುಖ ಉರ್ಯುತ್ತೆ" ಎಂದರು. ಆಕೆ ಹೋದ ಮೇಲೆ ನನ್ನ ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕುತ್ತಾ, "ಮುಖ ಉಜ್ಜೋ ಮೆಷೀನ್ ತರಿಸ್ಬಿಡ್ತೀನಿ ಕಣೇ" ಎಂದರು.

ಚಾಮರಾಜಪೇಟೆಯಲ್ಲಿ ಯಾರೋ ಪಾರ್ಲರ್ ಮುಚ್ಚುತ್ತಿದ್ದರು. ಅವರ ಮೆಷೀನನ್ನು ಆಂಟಿ ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದರು. ಅದರ ಕೊಳವೆಯ ತುದಿಯಿಂದ ಸಣ್ಣ ಬಿಳಿ ಹರಳಿನ ಪುಡಿ ಚರ್ಮದ ಮೇಲೆ ಚಿಮ್ಮಿ, ಅದೇ ತುದಿಯಿಂದ ಸತ್ತ ಚರ್ಮದ ಜೊತೆ ವಾಪಸ್ ಒಳಗೆ ಹೋಗುತ್ತಿತ್ತು. ಖಾಲಿ ಮಿಕ್ಸಿ ಓಡಿಸಿದಂಥ ಸದ್ದು. ಆ ಸದ್ದು ಕ್ರಾಸಿಗೆಲ್ಲ ಕೇಳಿಸಿತು, ಮದುಮಕ್ಕಳೂ ಒಬ್ಬೊಬ್ಬರಾಗಿ ಮರಳಿ ಬಂದರು. ತಾಯಂದಿರು ನಿರಾಳವಾಗಿ, "ಮೆಷೀನ್ ಚೆನ್ನಾಗಿದೆಯಂತಲ್ರೀ, ಮುಖ ನುಣ್ಣಗಾಗುತ್ತಂತೆ" ಎನ್ನುತ್ತಿದ್ದರು. ಮೆಷೀನಿಗೆ ಕೈಯಿಲ್ಲ, ಸಾಯಲು ಗಂಡನೂ ಇಲ್ಲ. ಆಂಟಿ ಅವರನ್ನೆಲ್ಲ ಕೋಣೆಯ ಹೊರಗೆ, ಜಗಲಿಯಲ್ಲಿ ಕೂರಿಸುತ್ತಿದ್ದರು. ಪುಡಿ ಕಣ್ಣಿಗೆ ಹೋಗುತ್ತದೆ ಎಂಬುದು ಅವರು ಕೊಡುತ್ತಿದ್ದ ಕಾರಣ.

ಎರಡು ವರ್ಷದ ನಂತರ ನನ್ನ ಮದುವೆ ಗೊತ್ತಾಯಿತು. ಹುಡುಗ ಹನುಮಂತನಗರದವರು. ನಾನು ಹೋಗಿ ಕುರ್ಚಿಯಲ್ಲಿ ಒರಗಿದೆ. ಆಂಟಿ ಕಣ್ಣು ಮುಚ್ಚಿ, ಬೆರಳು ಎಳೆದು, ಬಹಳ ಹೊತ್ತು ಯೋಚಿಸಿದರು. "ನೋಡು ಮಾಲಿ, ಮೂರು ದಾರಿ ಇದೆ. ನಿನ್ನ ಕೆನ್ನೆಗೆ ನಿಜವಾಗ್ಲೂ ಒಗ್ಗೋದು ಪೀಲು. ಆದ್ರೆ ಅದನ್ನ ಬಿಟ್ಟು ಬಿಟ್ಟು ನಾಲ್ಕೈದು ಸಲ ಮಾಡ್ಬೇಕು, ನೀನು ಮದುವೆ ಹತ್ರ ಬಂದಾಗ ಬಂದಿದೀಯ. ಅರಿಶಿನ ಬೇರೆ ಇದೆ, ಆಗಲ್ಲ. ಮೆಷೀನು ತರಿಯನ್ನ ಸಮ ಮಾಡುತ್ತೆ, ಎರಡು ದಿನ ಬಿಟ್ರೆ ಅರಿಶಿನಕ್ಕೂ ಉರಿಯಲ್ಲ, ಆದ್ರೆ ಮುಖ ಒಣಗಿಸುತ್ತೆ. ಕೈಯಲ್ಲಿ ಮಾಡಿದ್ರೆ ಪೂರ್ತಿ ಹೋಗಲ್ಲ, ಆದ್ರೆ ಮುಖಕ್ಕೆ ಕಳೆ ಬರುತ್ತೆ. ನನ್ನ ಕೇಳಿದ್ರೆ ಕೈ. ನೀನು ಯೋಚ್ನೆ ಮಾಡು." ಕೊನೆಯ ಮಾತನ್ನು ಅವರು ಗೋಡೆಯ ಕಡೆ ನೋಡಿ ಹೇಳಿದರು. ಅವರ ಕೈ ಬೇಕೆಂದು ಮದುಮಗಳೊಬ್ಬಳು ಬಾಯಿಬಿಟ್ಟು ಹೇಳಿ ಎಷ್ಟೋ ಕಾಲವಾಗಿತ್ತು. ನಾನು ಹೇಳಲಿ ಎಂದು ಅವರಿಗೆ ಆಸೆಯಿತ್ತು. ನನಗೂ ಅದೇ ಬೇಕಿತ್ತು.

ಮನೆಗೆ ಬಂದು ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಮೆಷೀನೇ ಹಾಕಿಸ್ಕೋ."

"ಅವ್ರು ಕೈಯೇ ಸರಿ ಅಂದ್ರು."

"ನಂಗೇನಿಲ್ಲ ಕಣೇ. ನಾಳೆ ನಿನ್ನ ಸಂಸಾರದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜನ ಸುಲೋಚನಾನೇ ಅಂತಾರೆ. ಅವಳಿಗೇ ಒಳ್ಳೇದು ಅಂತ ಹೇಳ್ತಿದೀನಿ."

"ಜನ ಅಂದ್ರೆ ಯಾರಮ್ಮ? ನೀನು ಅವ್ರ ಮನೇಲಿ ಒಂದು ತಿಂಗಳು ಮಲಗಿದ್ದೆ."

ಅಮ್ಮ ಮೊರದಲ್ಲಿದ್ದ ಅಕ್ಕಿಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು. "ನಾನೂ ಜನಾನೇ ಅಲ್ವೇನೇ."

ಎರಡು ದಿನ ನಾವಿಬ್ಬರೂ ಮಾತು ಬಿಟ್ಟೆವು. ಮುಖಕ್ಕೆ ಏನೂ ಮಾಡಿಸಿಕೊಳ್ಳುವುದಿಲ್ಲ, ಹೀಗೇ ಮಂಟಪದಲ್ಲಿ ಕೂರುತ್ತೇನೆ ಎಂದು ಹಟ ಹಿಡಿದೆ. ಅಪ್ಪ ನಡುವೆ ಬಂದು, ನಿಮ್ಮ ನಿಮ್ಮ ಕೆನ್ನೆ ನೀವೇ ನೋಡಿಕೊಳ್ಳಿ ಎಂದು ಹೇಳಿ ವಾಕಿಂಗ್ ಹೋದರು. ಮೂರನೆಯ ದಿನ ಅಮ್ಮನೇ ಸೀರೆ ಬದಲಾಯಿಸಿ, ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ಬಾಗಿಲಲ್ಲಿ ನಿಂತು, ಆಂಟಿಯ ಮುಖ ನೋಡದೆ, "ಮೆಷೀನ್ ಹಾಕ್ಬಿಡಿ ಸುಲೋಚನಾ" ಎಂದಳು.

"ಆಯ್ತು ವನಜಾ. ನೀವು ಜಗಲೀಲಿ ಕೂತಿರಿ, ಪುಡಿ ಹಾರುತ್ತೆ" ಎಂದರು ಆಂಟಿ. ದನಿಯಲ್ಲಿ ಏನೂ ಇರಲಿಲ್ಲ.

ಕಣ್ಣ ಮೇಲೆ ಒದ್ದೆ ಹತ್ತಿ ಬಂತು. ಮೆಷೀನ್ ಸದ್ದು ಶುರುವಾಯಿತು. ಕೆನ್ನೆಯ ಮೇಲೆ ಕೊಳವೆಯ ತಣ್ಣನೆಯ ತುದಿ, ಬೆಕ್ಕು ನೆಕ್ಕಿದ ಹಾಗೆ ಒರಟಾಗಿ, ಸಾಲು ಸಾಲಾಗಿ ಓಡತೊಡಗಿತು. ಅದರ ಜೊತೆಯಲ್ಲೇ, ಅದು ಹೋದಲ್ಲೆಲ್ಲ, ಇನ್ನೊಂದು ಸ್ಪರ್ಶ. ಎರಡು ಬೆಚ್ಚಗಿನ ಬೆರಳುಗಳು ನನ್ನ ಚರ್ಮವನ್ನು ಮೆಲ್ಲಗೆ ಹಿಗ್ಗಿಸಿ ಹಿಡಿಯುತ್ತಿದ್ದವು. ಹಣೆ, ಮೂಗಿನ ಪಕ್ಕ, ಗಲ್ಲ, ಕಿವಿಯ ಮುಂಭಾಗ. ಒಂದು ಕಡೆಯೂ ಬಿಡಲಿಲ್ಲ. ನಾನು ಅರೆನಿದ್ದೆಯಿಂದ ಎದ್ದು ಕೇಳಿದೆ. "ಆಂಟಿ, ಇದು ನಿಮ್ಮ ಕೈಯಲ್ವಾ?"

ಮೆಷೀನಿನ ಸದ್ದಿನಡಿಯಲ್ಲಿ ಅವರು ಬಗ್ಗಿ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. "ಚರ್ಮ ಬಿಗಿಯಾಗಿ ಹಿಡೀದೇ ಮೆಷೀನ್ ಓಡಲ್ಲ ಕಣೇ. ಎಲ್ರೂ ಕೈ ಬೇಡ ಅಂತ ಇದನ್ನ ಕೇಳ್ಕೊಂಡು ಬರ್ತಾರೆ. ಪೀಲಲ್ಲಾದ್ರೆ ಬ್ರಷ್ಷು. ಇದ್ರಲ್ಲಿ ಶುರುವಿಂದ ಕೊನೇವರ್ಗೂ ನನ್ನ ಕೈಯಲ್ಲೇ ಇರ್ತಾರೆ." ಸ್ವಲ್ಪ ತಡೆದು, "ಅದೂ ಎಡಗೈ!" ಎಂದರು. ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ನನ್ನ ಕೆನ್ನೆಯ ಮೇಲಿದ್ದ ಬೆರಳುಗಳೂ ಕುಲುಕುತ್ತಿದ್ದವು. ನನಗೂ ನಗು ಬಂದು ಹತ್ತಿ ಜಾರಿ ಬಿತ್ತು.

"ಅವ್ರೆಲ್ಲ ಚೆನ್ನಾಗಿದಾರಾ ಆಂಟಿ?"

"ಚೆನ್ನಾಗೇ ಇದಾರೆ. ಒಬ್ಳು ಅತ್ತೆ ಜೊತೆ ಜಗಳ ಆಡ್ಕೊಂಡು ಬೇರೆ ಮನೆ ಮಾಡಿದಾಳೆ. ಅದು ಅವಳ ಬಾಯಿಂದ ಆಗಿದ್ದು, ನನ್ನ ಕೈಯಿಂದಲ್ಲ." ಹತ್ತಿಯನ್ನು ಮತ್ತೆ ನೆನೆಸಿ ನನ್ನ ಕಣ್ಣಿಗೆ ಇಟ್ಟರು. ಆಮೇಲೆ ನಗುವಿಲ್ಲದ ದನಿಯಲ್ಲಿ, "ಕದ್ದು ಮುಟ್ಟೋ ಹಾಗಾಯ್ತಲ್ಲ ಅಂತ ಒಂದೊಂದ್ಸಲ ಬೇಜಾರಾಗುತ್ತೆ" ಎಂದರು. ಅವರ ಬೆರಳುಗಳು ನಿಲ್ಲದೆ ಓಡಾಡುತ್ತಿದ್ದವು, ನಾನು ಮತ್ತೆ ಆ ಹಸಿರು ನೀರಿನೊಳಕ್ಕೆ ಇಳಿದುಹೋದೆ.

ದಾರಿಯಲ್ಲಿ ಅಮ್ಮ ನನ್ನ ಕೆನ್ನೆ ಮುಟ್ಟಿ ನೋಡಿ, "ಎಷ್ಟು ನುಣುಪಾಗಿದೆ ನೋಡು. ಮೆಷೀನ್ ಅಂದ್ರೆ ಮೆಷೀನೇ" ಎಂದಳು. ನಾನು ಹೂಂಗುಟ್ಟಿದೆ. ಅರಿಶಿನದ ದಿನ ಆಂಟಿ ಬರಲಿಲ್ಲ. ಕರೆಯಲು ನಾನೇ ಹೋಗಿದ್ದೆ, "ಯಾರ್ದೋ ಐಬ್ರೋ ಇದೆ ಕಣೇ" ಎಂದರು. ಮದುವೆಯ ಊಟಕ್ಕೆ ಬಂದರು. ಎರಡನೆಯ ಪಂಕ್ತಿಯಲ್ಲಿ ತುದಿಗೆ ಕೂತು, ನಾನು ಶಾಸ್ತ್ರಕ್ಕೆ ತುಪ್ಪ ಬಡಿಸಲು ಹೋದಾಗ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ಚಿರೋಟಿ ರವೆ" ಎಂದರು. ನಾನು ಮದುವೆಯ ಫೋಟೋಗಳಲ್ಲಿ ಎರಡು ಕಡೆಗೂ ಮುಖ ತಿರುಗಿಸಿದ್ದೇನೆ.

ಕೆಲವು ವರ್ಷಗಳ ನಂತರ ಅಪ್ಪ ತೀರಿಕೊಂಡರು. ಆ ವರ್ಷದ ಗೌರಿ ಹಬ್ಬಕ್ಕೆ ನಾನು ಮಲ್ಲೇಶ್ವರದಲ್ಲಿ ಅಮ್ಮನ ಜೊತೆಗಿದ್ದೆ. ನಮ್ಮಲ್ಲಿ ಹಬ್ಬವಿರಲಿಲ್ಲ. ಪಕ್ಕದ ಮನೆಯ ಹೊಸ ಸೊಸೆ, ಪಾಪ, ವಿಷಯ ನೆನಪಿಲ್ಲದೆಯೋ ಏನೋ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಳಗೆ ಬಂದಳು. ನನ್ನ ಕೆನ್ನೆಗೆ ಅರಿಶಿನ ಹಚ್ಚಿ ಅಮ್ಮನ ಕಡೆ ತಿರುಗಿದಳು. ಅಷ್ಟು ವರ್ಷದ ಅಭ್ಯಾಸ, ಅಮ್ಮ ಮುಖವನ್ನು ಸ್ವಲ್ಪ ಮುಂದೆ ಚಾಚಿದಳು. ಆ ಹುಡುಗಿಗೆ ಆಗ ನೆನಪಾಯಿತು. ಅರಿಶಿನದ ಬೆರಳು ಅರ್ಧಕ್ಕೇ ನಿಂತಿತು. ಅಮ್ಮ ತಾನೇ ಮುಖ ಹಿಂದಕ್ಕೆ ತೆಗೆದುಕೊಂಡು, "ಕಾಫಿ ತರ್ತೀನಿ, ಕೂತ್ಕೊಳಮ್ಮ" ಎಂದು ಒಳಗೆ ಹೋದಳು. ಒಳಗಿನಿಂದ ಬಹಳ ಹೊತ್ತಾದರೂ ಕಾಫಿ ಬರಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ಊಟ ಮಾಡಿ ಕೈ ತೊಳೆದು ಬಂದು, "ಸುಲೋಚನಾ ಅಂಗಡಿ ತೆಗೆದಿರ್ತಾಳಾ ಈಗ?" ಎಂದು ಕೇಳಿದಳು. ಅಪ್ಪ ಹೋದ ಮೇಲೆ ಅವಳು ಗೇಟು ದಾಟಿರಲಿಲ್ಲ. ನಾವು ಹೋದೆವು. ನಾನು ಆಂಟಿಯನ್ನು ಕೊನೆಯ ಸಲ ಕಂಡದ್ದು ಅಂದು. ಮುಂದಿನ ಬೇಸಿಗೆಗೆ ಆ ಮನೆಯನ್ನು ಕೆಡವಿದರು, 'ಲೇಡೀಸ್ ಓನ್ಲಿ' ಹಲಗೆ ಇದ್ದ ಕಡೆ ಈಗ ಕಾರು ನಿಲ್ಲಿಸುತ್ತಾರೆ. ಆಂಟಿ ತುಮಕೂರಿನಲ್ಲಿದ್ದ ತಂಗಿಯ ಮನೆಗೆ ಹೋದರು, ಅಲ್ಲೇ ತೀರಿಕೊಂಡರೆಂದು ನಮಗೆ ತಿಳಿದದ್ದು ತಡವಾಗಿ. ಅಂದು ಅದು ಯಾವುದೂ ಗೊತ್ತಿರಲಿಲ್ಲ. ಕರ್ಟನ್ ಬಣ್ಣಗೆಟ್ಟು ಬೆಳಕು ಇನ್ನೂ ತಿಳಿಯಾಗಿತ್ತು. ಆಂಟಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಅಷ್ಟು ವರ್ಷ ನೆರೆಯಲ್ಲಿದ್ದೂ ಅಮ್ಮ ಆ ಕುರ್ಚಿಯಲ್ಲಿ ಒಂದು ಸಲವೂ ಕೂತವಳಲ್ಲ. ನನಗೇಕೆ ಇದೆಲ್ಲ ಎಂದು ನಗುತ್ತಿದ್ದಳು. ಈಗ ಸೆರಗು ಸರಿಮಾಡಿಕೊಂಡು ಒರಗಿದಳು. ಆಂಟಿ ಒಂದು ಗಳಿಗೆ ಅವಳನ್ನೇ ನೋಡಿ, ಮೆಷೀನಿನ ಮೇಲೆ ಹೊದಿಸಿದ್ದ ಬಟ್ಟೆ ತೆಗೆಯಲು ಹೋದರು.

"ಅದು ಬೇಡ" ಎಂದಳು ಅಮ್ಮ.

"ಪೀಲಾ? ಈ ವಯಸ್ಸಿಗೆ ಚರ್ಮ ತೆಳ್ಳಗಿರುತ್ತೆ ವನಜಾ, ಉರಿ ಆಗುತ್ತೆ."

"ಅದೂ ಬೇಡ. ನಿಮ್ಮ ಕೈ ಸಾಕು."

ಆಂಟಿ ಬಟ್ಟಲಿನಲ್ಲಿ ಹೆಸರುಹಿಟ್ಟು ಕಲಸತೊಡಗಿದರು. ಅಮ್ಮ ಮೇಲಿನ ಫ್ಯಾನ್ ನೋಡುತ್ತಾ ಮಾತು ಮುಂದುವರಿಸಿದಳು. "ಇವಳ ಮದುವೇಲಿ ನಾನೇ ಮೆಷೀನ್ ಅಂದಿದ್ದು. ಜಗಲೀಲಿ ಕೂತಿದ್ನಲ್ಲ, ಗಾಳಿಗೆ ಕರ್ಟನ್ ಎದ್ದಿತ್ತು. ನೋಡ್ದೆ. ನಿಮ್ಮ ಕೈ ಇವಳ ಮುಖದ ಮೇಲಿತ್ತು. ಎದ್ದು ಬಂದು ಬೇಡ ಅನ್ಬಹುದಿತ್ತು, ಅನ್ಲಿಲ್ಲ. ಇರ್ಲಿ, ಹಾಗೇ ಇರ್ಲಿ ಅಂತ ದೇವ್ರನ್ನ ಕೇಳ್ಕೊಂಡು ಸುಮ್ನೆ ಕೂತಿದ್ದೆ. ಅಷ್ಟೇ ಕಣ್ರೀ ನನ್ನ ಧೈರ್ಯ."

ಆಂಟಿ ಬಟ್ಟಲನ್ನು ಕೆಳಗಿಟ್ಟರು. "ಸುಮ್ನೆ ಮಲಕ್ಕೊಳ್ಳಿ ವನಜಾ. ಮಾತಾಡ್ತಿದ್ರೆ ಕೆನ್ನೆ ಬಿಗಿಯಾಗುತ್ತೆ" ಎಂದರು. ಒದ್ದೆ ಹತ್ತಿ ಇಡುವ ಮೊದಲು ಅಮ್ಮನ ಕಣ್ಣಂಚನ್ನು ತಮ್ಮ ಸೆರಗಿನಿಂದ ಒರೆಸಿದರು. ಹಿಟ್ಟು ಹಚ್ಚಿ, ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸುತ್ತು ಹಾಕುತ್ತಾ, ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ಇಳಿದರು. ಅಂದು ಅವರು ಯಾರ ಮನೆಯ ಸುದ್ದಿಯನ್ನೂ ಹೇಳಲಿಲ್ಲ.

ಮುಖ ತೊಳೆದು ಒರೆಸುವ ಹೊತ್ತಿಗೆ ಅಮ್ಮ ನಿದ್ದೆ ಹೋಗಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಗೆ ಬಾಯಿ ತೆರೆದು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಹೊರಗೆ ಯಾರೋ ಹುಡುಗಿ ಐಬ್ರೋಗೆಂದು ಬಂದು, "ಆಂಟೀ" ಎಂದು ಕರೆದಳು. ಆಂಟಿ ಅಲುಗದೆ, ನಾಳೆ ಬರಹೇಳು ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಅವರ ಎರಡೂ ಕೈ ಅಮ್ಮನ ಕೆನ್ನೆಗಳ ಮೇಲಿದ್ದವು.